ಮನ್ಮಾಡಿನಲ್ಲಿ ನಾನು ಕಳ್ಳನಾಗಿದ್ದೆ

ಐದು ವರ್ಷ ನಾನು ಮನ್ಮಾಡಿನಲ್ಲಿ ಕಳ್ಳನಾಗಿದ್ದೆ. ಸಂಬಳದ ಪುಸ್ತಕದಲ್ಲಿ ‘ಹೆಲ್ಪರ್’ ಎಂದು ಬರೆದಿತ್ತು. ಮೈದಾನದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ‘ಚೋರ್’. ಚೋರ್ ಬಂದನಾ, ಚೋರ್ ಚಹಾ ಕುಡಿದನಾ, ಇವತ್ತು ಚೋರ್‌ಗೆ ಜ್ವರವಂತೆ. ಕಾವಲು ನಾಯಿಗಳ ತರಬೇತಿಯಲ್ಲಿ ಕೈಗೆ ದಪ್ಪ ಗೋಣಿ ತೊಟ್ಟು, ಬೇಲಿ ಹಾರಿದಂತೆ ನಟಿಸಿ, ಓಡಿ, ಕೊನೆಗೆ ಕಚ್ಚಿಸಿಕೊಳ್ಳುವವನೇ ಚೋರ್. ಬೆಳಗಿನ ಐದೂವರೆಗೆ ನನ್ನ ಕಳ್ಳತನ ಶುರುವಾದರೆ ಎಂಟಕ್ಕೆ ಮುಗಿಯುತ್ತಿತ್ತು. ಏಪ್ರಿಲ್-ಮೇ ತಿಂಗಳಲ್ಲಿ ಏಳಕ್ಕೇ ಮುಗಿಸುತ್ತಿದ್ದೆವು. ಬಿಸಿಲೇರಿದ ಮೇಲೆ ನಾಯಿ ಏದುಸಿರು ಬಿಡುತ್ತದೆ. ಏದುಸಿರು ಬಿಡುವ ನಾಯಿಗೆ ಬಾಯಿ ಮುಚ್ಚಿ ಹಿಡಿಯಲು ಆಗುವುದಿಲ್ಲ.

ನಮ್ಮೂರು ಮುಧೋಳದ ಕಡೆಯದು, ಘಟಪ್ರಭೆಯ ದಂಡೆ. ಸೋದರಮಾವ ಮನ್ಮಾಡಿನ ರೈಲ್ವೆ ಕಾರ್ಖಾನೆಯಲ್ಲಿ ಸೇತುವೆಯ ಗರ್ಡರ್‌ಗಳ ಕೆಲಸದಲ್ಲಿದ್ದರು. 1998ರಲ್ಲಿ, ಪಿಯುಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಅವರೇ ಕರೆಸಿಕೊಂಡರು. ಮುಂಬೈ, ಭುಸಾವಳ, ದೌಂಡ್, ಔರಂಗಾಬಾದ್ ನಾಲ್ಕೂ ಕಡೆಯ ಹಳಿಗಳು ಸೇರುವ ಊರು ಅದು. ಆಹಾರ ನಿಗಮದ ದೊಡ್ಡ ಗೋದಾಮು, ಪಾನೇವಾಡಿಯ ಎಣ್ಣೆ ಡಿಪೋಗಳು, ಸಾಲುಗಟ್ಟಿ ನಿಲ್ಲುವ ಟ್ಯಾಂಕರ್‌ಗಳು, ಸುತ್ತ ಹಳ್ಳಿಗಳಲ್ಲಿ ಈರುಳ್ಳಿ ಕೂಡಿಡುವ ಕಾಂದಾ ಚಾಳ್‌ಗಳು. ಮಾಲು ಇರುವಲ್ಲಿ ಕಾವಲು ಬೇಕು. ಕಾವಲುಗಾರರನ್ನೂ ನಾಯಿಗಳನ್ನೂ ಒದಗಿಸುವ ಒಬ್ಬ ಗುತ್ತಿಗೆದಾರರ ಬಳಿ ಮಾವ ನನ್ನನ್ನು ಸೇರಿಸಿದರು. ‘ಮುಧೋಳದವನು, ನಾಯಿ ಗೊತ್ತು’ ಎಂಬುದಷ್ಟೇ ನನ್ನ ಅರ್ಹತೆ.

ನಮ್ಮ ಮೈದಾನ ರೈಲು ಹಳಿಯ ಪಕ್ಕದಲ್ಲಿತ್ತು. ನಿಂತಲ್ಲಿಂದ ಒಂದು ಕಡೆ ಅಂಕಾಯಿ-ಟಂಕಾಯಿಯ ಜೋಡಿ ಕೋಟೆ, ಇನ್ನೊಂದು ಕಡೆ ಹಡಬೀಚೀ ಶೇಂಡಿ ಎಂಬ ಕಲ್ಲುಗಂಬ. ರೈಲಿನಲ್ಲಿ ಹೋಗುವವರಿಗೆ ಅದು ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ ಕಾಣುತ್ತದೆ. ಅಲ್ಲಿ ಆರು ನಾಯಿಗಳು, ನಾಲ್ವರು ಹ್ಯಾಂಡ್ಲರ್‌ಗಳು, ಒಬ್ಬ ಚೋರ್, ಎಲ್ಲರ ಮೇಲೆ ಉಸ್ತಾದ್. ಉಸ್ತಾದರು ಸೈನ್ಯದಿಂದ ನಿವೃತ್ತರಾದವರು. ಮೀರತ್‌ನಲ್ಲಿರುವ ಸೈನ್ಯದ ಪಶುವೈದ್ಯ ದಳದ ಕೇಂದ್ರದಲ್ಲಿ ನಾಯಿ ಪಳಗಿಸುವುದನ್ನು ಕಲಿತಿದ್ದರು. ಕಡಿಮೆ ಮಾತು. ಹಿಂದಿಗೆ ಮರಾಠಿ ಬೆರೆಸಿ ಆಡುತ್ತಿದ್ದ ಅವರ ಮಾತು ನನಗೆ ಈಗ ಕನ್ನಡದಲ್ಲೇ ನೆನಪಿಗೆ ಬರುತ್ತದೆ.

ಮೊದಲ ತಿಂಗಳು ಅವರು ನನ್ನನ್ನು ನಾಯಿಯ ಹತ್ತಿರ ಬಿಡಲೇ ಇಲ್ಲ. ಹೊಲಿಗೆಗೆ ಕೂರಿಸಿದರು. ಪೇಟೆಯಿಂದ ತಂದ ಹಳೇ ಬಾರದಾನವನ್ನು ಮೂರು ನೀರಿನಲ್ಲಿ ತೊಳೆಯಬೇಕು. ಕಾಳಿಗೆ ಹಾಕಿದ ಔಷಧಿಯ ವಾಸನೆ ಹೋಗಬೇಕು. ನಲ್ಲಿಯಲ್ಲಿ ನೀರು ವಾರಗಟ್ಟಲೆ ಬಾರದ ಊರಿನಲ್ಲಿ ಗೋಣಿಚೀಲಕ್ಕೆ ಮೂರು ನೀರು! ಮಾವ ಕೇಳಿ ನಕ್ಕಿದ್ದರು. ಒಣಗಿದ ಮೇಲೆ ಒಳಗೆ ದಪ್ಪ ಚರ್ಮ, ಅದರ ಮೇಲೆ ರಜಾಯಿಯ ಹತ್ತಿ, ಹೊರಗೆ ಎರಡು ಪದರ ಗೋಣಿ, ದಬ್ಬಳಕ್ಕೆ ಸುತಳಿ ಪೋಣಿಸಿ ಹೊಲಿಗೆ. ಮೊಣಕೈಯಿಂದ ಬೆರಳತುದಿ ದಾಟುವ ಆ ಕವಚಕ್ಕೆ ಉಸ್ತಾದರು ಆಸ್ತೀನ್ ಎನ್ನುತ್ತಿದ್ದರು. ನನಗೆ ಅದು ತೋಳು. ನೈಲಾನ್ ಬಟ್ಟೆ ಹೆಚ್ಚು ಬಾಳಿಕೆ ಬರುತ್ತದಲ್ಲ ಎಂದು ಒಮ್ಮೆ ಕೇಳಿದೆ. “ನೈಲಾನ್ ಮೇಲೆ ಹಲ್ಲು ಜಾರುತ್ತದೆ. ಜಾರಿದ ನಾಯಿಗೆ ತನ್ನ ಬಾಯಿಯ ಮೇಲೇ ನಂಬಿಕೆ ಹೋಗುತ್ತದೆ. ಗೋಣಿ ಹಲ್ಲನ್ನು ಒಳಗೆ ಕರೆದುಕೊಳ್ಳುತ್ತದೆ,” ಎಂದರು.

ಎರಡನೇ ತಿಂಗಳು ಬಾಯಿ ನೋಡುವ ಪಾಠ. ದೊಡ್ಡ ನಾಯಿಗೆ 42 ಹಲ್ಲು: ಮುಂದೆ 12 ಬಾಚಿಹಲ್ಲು, ನಾಲ್ಕು ಕೋರೆಹಲ್ಲು, ಹಿಂದೆ 26 ದವಡೆಹಲ್ಲು. ಮರಿಗೆ ಇರುವುದು 28 ಹಾಲುಹಲ್ಲು. ನಾಲ್ಕರಿಂದ ಏಳನೇ ತಿಂಗಳ ನಡುವೆ ಅವು ಬಿದ್ದು ಹೊಸವು ಬರುತ್ತವೆ. ಆ ದಿನಗಳಲ್ಲಿ ಬಟ್ಟೆ ಜಗ್ಗಿಸುವ ಆಟ ಬಂದ್. ಒಸಡು ನೊಂದ ಮರಿಗೆ ಕಚ್ಚುವುದೆಂದರೆ ನೋವು ಎಂದು ಒಮ್ಮೆ ತಲೆಗೆ ಹೋದರೆ ಜನ್ಮವಿಡೀ ಹೋಗುವುದಿಲ್ಲ. ಆಮೇಲೆ ತೋಳನ್ನು ಓದುವ ಪಾಠ. ಪ್ರತಿ ಸಲ ಕಚ್ಚಿಸಿಕೊಂಡ ಮೇಲೆ ನಾನು ತೋಳನ್ನು ಉಸ್ತಾದರ ಮುಂದೆ ಹಿಡಿಯಬೇಕಿತ್ತು, ಶಾಲೆಯಲ್ಲಿ ಪಾಟಿ ತೋರಿಸಿದ ಹಾಗೆ.

ಬರೀ ಮುಂದಿನ ಹಲ್ಲು ಊರಿದ ಗುರುತಿದ್ದರೆ ಅದು ತುದಿಹಿಡಿತ. ಬೇಗ ಓಡಿಹೋಗಲು ಒಂದು ಕಾಲು ಹೊರಗಿಟ್ಟೇ ಬಂದ ನಾಯಿಯ ಹಿಡಿತ. ಗುರುತು ಅಲ್ಲೊಂದು ಇಲ್ಲೊಂದು ಸಾಲಾಗಿದ್ದರೆ ನಾಯಿ ಬಿಟ್ಟು ಬಿಟ್ಟು ಕಚ್ಚಿದೆ, ಅಗಿದಿದೆ. ಅದಕ್ಕೆ ಏನೋ ಗೊಂದಲ. ಬಾಯಿಯ ಮೂಲೆಯವರೆಗೆ ಗೋಣಿ ತುಂಬಿ, ದವಡೆಹಲ್ಲು ಊರಿ, ಒಂದೇ ಜಾಗದಲ್ಲಿ ಒಂದೇ ಅಚ್ಚು ಬಿದ್ದಿದ್ದರೆ ಅದು ತುಂಬುಹಿಡಿತ. ಆಗ ನಾಯಿ ಗುರುಗುಟ್ಟುವುದಿಲ್ಲ, ತಲೆ ಒದರುವುದಿಲ್ಲ. ಕಣ್ಣು ಶಾಂತ, ಉಸಿರು ಮೂಗಿನಿಂದ. ನೋಡುವವರಿಗೆ ಇದರಲ್ಲಿ ಏನೂ ರೋಮಾಂಚನವಿಲ್ಲ. ಊರ ಜನ ಬೇಲಿಯಾಚೆ ನಿಂತು ಶಿಳ್ಳೆ ಹಾಕುತ್ತಿದ್ದುದು ಗುರುಗುಟ್ಟುತ್ತ ಹತ್ತು ಕಡೆ ಕಚ್ಚುವ ನಾಯಿಗೆ. ಉಸ್ತಾದರು ತಲೆಯಾಡಿಸುತ್ತಿದ್ದುದು ಸದ್ದಿಲ್ಲದೆ ಜೋತುಬಿದ್ದ ನಾಯಿಗೆ.

ಈ ವಿದ್ಯೆ ನಮ್ಮ ಮೈದಾನದಲ್ಲಿ ಹುಟ್ಟಿದ್ದಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಜರ್ಮನ್ ಷೆಫರ್ಡ್ ತಳಿಯ ಸಂಘವನ್ನು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಕಟ್ಟಿದರು. ತಳಿ ಬೆಳೆಸಲು ಯೋಗ್ಯವಾದ ನಾಯಿ ಯಾವುದೆಂದು ತೂಗಿ ನೋಡಲು ಆ ಸಂಘ ರೂಪಿಸಿದ ಪರೀಕ್ಷೆಗೆ ಶುಟ್ಸ್‌ಹುಂಡ್ ಎಂದು ಹೆಸರು. ರಕ್ಷಣೆಯ ನಾಯಿ ಎಂದೇ ಅದರ ಅರ್ಥ. ವಾಸನೆ ಹಿಡಿದು ಹೋಗುವುದಕ್ಕೆ 100 ಅಂಕ, ಮಾತು ಕೇಳುವುದಕ್ಕೆ 100, ರಕ್ಷಣೆಗೆ 100. ರಕ್ಷಣೆಯ ಭಾಗದಲ್ಲಿ ತೀರ್ಪುಗಾರರು ನೋಡುವುದೂ ಅದನ್ನೇ: ಹಿಡಿತ ತುಂಬಾಗಿದೆಯೇ, ಶಾಂತವೇ, ಹೇಳಿದ ಕೂಡಲೇ ಬಿಡುತ್ತದೆಯೇ. ಗೋಣಿ ಹೊಲಿಯುತ್ತಿದ್ದ ಉಸ್ತಾದರು ಆ ಹೆಸರನ್ನು ಒಮ್ಮೆಯೂ ಎತ್ತಿದವರಲ್ಲ.

ನಮ್ಮ ಮೈದಾನಕ್ಕೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪರೀಕ್ಷೆ ಇತ್ತು: ಗೂಡ್ಸ್ ಗಾಡಿ. ನಾಯಿ ತೋಳು ಹಿಡಿದಿರುವಾಗಲೇ ಪಕ್ಕದ ಹಳಿಯಲ್ಲಿ ಐವತ್ತು ವ್ಯಾಗನ್ನು ಗಡಗಡ ಸಾಗಬೇಕು. ಉಸ್ತಾದರು ಅದಕ್ಕಾಗಿಯೇ ಕಾಯುತ್ತಿದ್ದರು. ನೆಲ ನಡುಗುವಾಗ ತುದಿಹಿಡಿತದ ನಾಯಿ ಬಿಡುತ್ತದೆ, ಇಲ್ಲವೇ ಅಗಿಯಲು ತೊಡಗುತ್ತದೆ. ತುಂಬುಹಿಡಿತದ ನಾಯಿ ಇನ್ನಷ್ಟು ಒಳಗೆ ತಳ್ಳಿ ಹಿಡಿಯುತ್ತದೆ. “ಸಿಗ್ನಲ್ ಬಿತ್ತು, ಚೋರ್ ತಯ್ಯಾರ್!” ಎಂದು ಅವರು ಕೂಗಿದ್ದು ಈಗಲೂ ಯಾವುದಾದರೂ ಲೆವೆಲ್ ಕ್ರಾಸಿಂಗಿನಲ್ಲಿ ನಿಂತಾಗ ಕಿವಿಗೆ ಬೀಳುತ್ತದೆ.

ರಜೆಗೆ ಊರಿಗೆ ಬಂದಾಗ ಒಂದು ತುಂಡು ಗೋಣಿ ತಂದು ಮನೆಯ ನಾಯಿಗೆ ಕೊಟ್ಟು ನೋಡಿದೆ. ಅದು ಮೂಗು ಚೂಪಾದ, ಹೊಟ್ಟೆ ಬೆನ್ನಿಗಂಟಿದ ಅಪ್ಪಟ ಮುಧೋಳ. ಮಹಾರಾಷ್ಟ್ರದವರ ಬಾಯಲ್ಲಿ ಕಾರವಾನ್. ಗಬಕ್ಕನೆ ಹಿಡಿಯಿತು, ಮೂರು ಸಲ ಒದರಿತು, ಕೆಳಗೆ ಹಾಕಿ ನನ್ನ ಮುಖ ನೋಡಿತು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ನಕ್ಕ: “ನಮ್ಮ ನಾಯಿ ಓಡಾಕ ಹುಟ್ಟಿದ್ದಪಾ, ಜೋತ್ಯಾಡಾಕ ಅಲ್ಲ. ಮೊಲಾನ ಹಿಡಕೊಂಡು ಕುಂದರಬೇಕೇನ ಅದು?” ಅಪ್ಪ ಹೇಳಿದ್ದು ಸರಿ. ಬೆನ್ನಟ್ಟಿ ಒದರಿ ಮುಗಿಸುವುದು ಅದರ ರಕ್ತದಲ್ಲಿದೆ, ಬಿಗಿಹಿಡಿದು ಕಾಯುವುದು ಕುರಿ ಕಾಯುವ ತಳಿಗಳ ರಕ್ತದಲ್ಲಿದೆ. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ನಮ್ಮ ಮರಿಗಳು ಉಸ್ತಾದರು ಕಲಿತ ಅದೇ ಮೀರತ್ ಕೇಂದ್ರಕ್ಕೆ ತರಬೇತಿಗೆ ಹೋದವು. ಸುದ್ದಿ ಓದಿದಾಗ ಅಪ್ಪ ಇರಲಿಲ್ಲ. ಇದ್ದಿದ್ದರೆ, ಮೊದಲು ಓಡಾಕ ಬಿಡ್ರಿ ಅನ್ನುತ್ತಿದ್ದನೇನೋ.

ಇನ್ನು ಕಾಳ್ಯಾನ ವಿಷಯ. ಅದು ಬೆನ್ನಿನ ತುಂಬ ಕಪ್ಪಿದ್ದ ಜರ್ಮನ್ ಷೆಫರ್ಡ್, 2000ದಲ್ಲಿ ಮೈದಾನಕ್ಕೆ ಬಂದದ್ದು. ಹತ್ತು ತಿಂಗಳಿಗೆಲ್ಲ ಒಳ್ಳೆಯ ಹಿಡಿತ ಮೂಡುತ್ತಿತ್ತು. ಅಷ್ಟರಲ್ಲಿ ಉಸ್ತಾದರು ಮಗಳ ಮದುವೆಗೆಂದು ಮೂರು ವಾರ ಊರಿಗೆ ಹೋದರು. ದೀಪಾವಳಿಯೊಳಗೆ ನಾಯಿ ಕಾವಲಿಗೆ ನಿಲ್ಲಬೇಕೆಂದು ಗುತ್ತಿಗೆದಾರರಿಗೆ ಅವಸರ. ನನಗೂ ಎರಡು ವರ್ಷದ ಅನುಭವದ ಸೊಕ್ಕು. ಬಿದಿರ ಕೋಲು ತೆಗೆದುಕೊಂಡೆ. ಅಲ್ಲಿಯವರೆಗೆ ಓರೆಯಾಗಿ ನಿಂತು, ಕಣ್ಣು ತಪ್ಪಿಸಿ, ಓಡಿಹೋಗುವ ಕಳ್ಳನಾಗಿದ್ದವನು ಎದುರಾಗಿ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಕೂಗುತ್ತ ನಾಯಿಯ ಮೇಲೇ ನಡೆದುಹೋದೆ. ಕೋಲನ್ನು ನೆಲಕ್ಕೆ ಬಡಿದೆ, ಎರಡು ಸಲ ಬೆನ್ನಿಗೂ ಬಡಿದೆ.

ಕಾಳ್ಯಾನ ಬೊಗಳು ಕೀರಲಾಯಿತು. ಕಿವಿ ಹಿಂದೆ ಹೋದವು. ತೋಳಿನ ನಡುಭಾಗ ಬಿಟ್ಟು ತುದಿಗೆ ಬಂದು ಕಚ್ಚಿ, ಬಿಟ್ಟು, ಮತ್ತೆ ಕಚ್ಚತೊಡಗಿತು. ಒಂದು ನಿಮಿಷಕ್ಕೆ ಹತ್ತು ಕಡಿತ. ನಾವೆಲ್ಲ ಅದನ್ನು ರೋಷ ಎಂದುಕೊಂಡೆವು. ಗುತ್ತಿಗೆದಾರರು ಚಪ್ಪಾಳೆ ತಟ್ಟಿ ನನ್ನ ಕೈಗೆ ನೂರು ರೂಪಾಯಿ ಇಟ್ಟರು. ಆ ವಾರವೇ ಅದರ ಹಲ್ಲು ತೋಳಿನ ತುದಿಯಿಂದ ಜಾರಿ ನನ್ನ ಮಣಿಕಟ್ಟಿಗೆ ಹೊಕ್ಕಿತು. ಹೊಟ್ಟೆಗೆ ಲಸಿಕೆ ಚುಚ್ಚುತ್ತಿದ್ದ ಕಾಲ ಅದು. ದಿನಾ ಹೋಗಿ ಚುಚ್ಚಿಸಿಕೊಂಡು ಬಂದೆ.

ಉಸ್ತಾದರು ಬಂದವರು ಒಂದು ಸುತ್ತು ನೋಡಿ ತೋಳನ್ನು ತರಿಸಿಕೊಂಡರು. ತುದಿಯೆಲ್ಲ ಜರಡಿಯಾಗಿತ್ತು, ನಡುಭಾಗದಲ್ಲಿ ಒಂದು ಗುರುತಿಲ್ಲ. ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿ, “ಇದು ಕಚ್ಚಿದ್ದಲ್ಲ ಬೇಟಾ. ಹತ್ತಿರ ಬರಬೇಡ ಅಂತ ಬೇಡಿಕೊಂಡದ್ದು,” ಎಂದರು. ಆಮೇಲೆ ನನ್ನ ಮಣಿಕಟ್ಟಿನ ಗಾಯ ನೋಡಿ, “ನಿನಗೂ ಹೆದರಿಕೆ ಇತ್ತು. ಹೆದರಿದವನೇ ಕೋಲು ಎತ್ತುವುದು. ನಿನ್ನ ಹೆದರಿಕೆಯನ್ನು ಅದರ ಬಾಯಿಗೆ ಹಾಕಿದ್ದೀಯ,” ಎಂದರು. ಬೈದಿದ್ದರೆ ವಾಸಿಯಿತ್ತು.

ಮೂರು ವಾರದಲ್ಲಿ ಕೆಡಿಸಿದ್ದನ್ನು ಸರಿಮಾಡಲು ಏಳು ತಿಂಗಳು ಹಿಡಿಯಿತು. ನಾನು ನಿಜವಾಗಿ ಕೆಲಸ ಕಲಿತದ್ದು ಆ ಏಳು ತಿಂಗಳಲ್ಲಿ. ಮೊದಲು ಕೋಲು ಹೋಯಿತು, ತೋಳೂ ಹೋಯಿತು. ಮರಿಗೆ ಕೊಡುವ ಹಾಗೆ ಒಂದು ಚೂರು ಗೋಣಿ. ಕಾಳ್ಯಾನನ್ನು ಕೊರಳಪಟ್ಟಿಯಲ್ಲಿ ಕಟ್ಟುವುದನ್ನು ಬಿಟ್ಟು ಎದೆಪಟ್ಟಿ ಹಾಕಿ, ಹಗ್ಗದ ತುದಿಗೆ ಲಾರಿ ಟ್ಯೂಬಿನ ತುಂಡು ಸೇರಿಸಿ ಕಂಬಕ್ಕೆ ಕಟ್ಟಿದೆವು. ಕೊರಳು ಬಿಗಿದರೆ ನಾಯಿ ಉಸಿರಿಗಾಗಿ ಬಾಯಿ ತೆರೆಯುತ್ತದೆ. ಎದೆಯ ಮೇಲೆ ಭಾರ ಬಿದ್ದು ರಬ್ಬರು ಹಿಂದಕ್ಕೆ ಎಳೆದರೆ ಹಟ ಬಂದು ಬಾಯಿ ಬಿಗಿಯುತ್ತದೆ.

ಎರಡು ತಿಂಗಳ ಮೇಲೆ ಮೆತ್ತನೆಯ ತೋಳು ಬಂತು. ಅದನ್ನು ಎದೆಗೆ ಅಡ್ಡವಾಗಿ, ನಡುಭಾಗ ನಾಯಿಯ ಬಾಯಿಗೆ ನೇರವಾಗುವಂತೆ ಹಿಡಿಯಬೇಕು. ತುದಿ ಎದುರಿಗಿದ್ದರೆ ತುದಿಗೇ ಕಚ್ಚುತ್ತದೆ. ಆ ತಪ್ಪು ನಾಯಿಯದಲ್ಲ. ಓಡಿಬಂದ ನಾಯಿಯನ್ನು ಗೋಡೆಯಂತೆ ನಿಂತು ತಡೆಯಬಾರದು, ಕತ್ತು ಉಳುಕೀತು. ಅದರ ವೇಗವನ್ನು ಮೈಮೇಲೆ ತೆಗೆದುಕೊಂಡು ಬೀಸುಗಲ್ಲಿನಂತೆ ಅದರ ಜೊತೆಯಲ್ಲೇ ತಿರುಗಬೇಕು. ನಾಯಿ ತುದಿಹಿಡಿತ ಹಿಡಿದರೆ ನಾನು ಕಲ್ಲು: ಕೂಗಿಲ್ಲ, ಕದಲಿಕೆಯಿಲ್ಲ, ಆಟದಲ್ಲಿ ಸ್ವಾರಸ್ಯವೇ ಇಲ್ಲ. ಹಗ್ಗವನ್ನು ಹಿಂದಕ್ಕೆ ಒಂದಿಷ್ಟು ಜಗ್ಗಿದಾಗ ಗೋಣಿ ಕೈತಪ್ಪುತ್ತದೆಂದು ಅದು ಒಮ್ಮೆ ಬಾಯಿ ಸಡಿಲಿಸಿ ಒಳಗೆ ತಳ್ಳಿ ಹಿಡಿಯುತ್ತದೆ. ಆ ಕ್ಷಣಕ್ಕಾಗಿ ಚೋರ್ ಕಾದಿರಬೇಕು. ತಳ್ಳಿದ ಕೂಡಲೇ ನರಳಬೇಕು, ಮೊಣಕಾಲು ಸೋಲಬೇಕು, ತೋಳನ್ನು ಕೈಯಿಂದ ಜಾರಿಸಿ ಅದಕ್ಕೇ ಬಿಟ್ಟುಕೊಡಬೇಕು. ಅರ್ಧ ಸೆಕೆಂಡು ತಡವಾದರೂ ಬೇರೆ ಯಾವುದನ್ನೋ ಕಲಿಸಿದಂತಾಗುತ್ತದೆ.

ಗೆದ್ದ ತೋಳನ್ನು ಬಾಯಲ್ಲಿ ಹೊತ್ತು ನಾಯಿ ಹ್ಯಾಂಡ್ಲರ್ ಜೊತೆ ಮೈದಾನ ಸುತ್ತುತ್ತದೆ. ನಿಂತಾಗ ಅವನು ಪಕ್ಕೆಯ ಮೇಲೆ ನಿಧಾನಕ್ಕೆ ಕೈಯಾಡಿಸುತ್ತ, ಶಾಬಾಶ್, ಶಾಬಾಶ್ ಎಂದು ಪಿಸುಗುಟ್ಟುತ್ತಾನೆ. ಹಿಡಿದ ವಸ್ತು ತನ್ನದೇ, ಯಾರೂ ಕಸಿಯುವುದಿಲ್ಲ ಎಂದು ನಂಬಿದ ಬಾಯಿ ಅಗಿಯುವುದನ್ನು ನಿಲ್ಲಿಸುತ್ತದೆ. ಬಾಯಿ ಸಡಿಲಾಗಿ ಕೆಳಗೆ ಬಿದ್ದರೆ ಮಾತ್ರ ಕಳ್ಳ ಕದ್ದುಕೊಂಡು ಓಡುತ್ತಾನೆ. ದಿನಕ್ಕೆ ನಾಲ್ಕೈದು ಸಲ, ಅಷ್ಟೇ. “ಇನ್ನೊಂದು ಸಲ” ಅಂದವರನ್ನು ಉಸ್ತಾದರು ದುರುಗುಟ್ಟಿ ನೋಡುತ್ತಿದ್ದರು. ಆರನೇ ತಿಂಗಳಲ್ಲಿ ಕೋಲು ಮತ್ತೆ ಬಂತು. ಈ ಸಲ ಅದಕ್ಕೆ ಚರ್ಮ ಸುತ್ತಿತ್ತು, ಮೊದಲು ಗಾಳಿಯಲ್ಲಷ್ಟೇ ಆಡುತ್ತಿತ್ತು. ಕೋಲಿನ ನೆರಳು ಬಿದ್ದಾಗ ಕಾಳ್ಯಾ ಇನ್ನಷ್ಟು ಒಳಗೆ ತಳ್ಳಿ ಹಿಡಿದ ದಿನ ಹಳಿಯ ಮೇಲೆ ಗೂಡ್ಸ್ ಗಾಡಿ ಹೋಗುತ್ತಿತ್ತು. ಉಸ್ತಾದರು ತೋಳು ಕೇಳಿ ಪಡೆದು ನೋಡಿದರು. ನಡುವೆ ಒಂದೇ ಅಚ್ಚು. ಏನೂ ಹೇಳದೆ ವಾಪಸು ಕೊಟ್ಟರು.

ಉಳಿದ ಒಂದು ತಿಂಗಳು ಬಿಡಿಸುವುದಕ್ಕೆ. “ಛೋಡ್” ಎನ್ನುವ ಮುಂಚೆ ಚೋರ್ ಸತ್ತಂತೆ ನಿಲ್ಲಬೇಕು; ಆಟ ನಿಂತಿತೆಂದು ನಾಯಿಗೆ ತಿಳಿಯಬೇಕು. ಬಿಟ್ಟ ಕೂಡಲೇ ಬಹುಮಾನವಾಗಿ ಮತ್ತೊಂದು ಕಡಿತ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ, ಇನ್ನೊಮ್ಮೆ ಸಿಗುತ್ತದೆ ಎಂದು ಗೊತ್ತಾದ ನಾಯಿ ಹೇಳಿದ ಮಾತಿಗೇ ಬಿಡುತ್ತದೆ. ಕಿವಿ ಹಿಂಡಿ, ಕೊರಳು ಬಿಗಿದು ಬಿಡಿಸಿದ ನಾಯಿ ಮುಂದಿನ ಸಲ ಕಚ್ಚುವಾಗಲೇ ಬಿಡಿಸುವವರ ದಾರಿ ನೋಡುತ್ತಿರುತ್ತದೆ. ಹಿಡಿತ ಮತ್ತೆ ಕೆಡುವುದು ಅಲ್ಲಿಂದಲೇ.

2002ರ ಡಿಸೆಂಬರ್. ಯೇವಲಾ ರಸ್ತೆಯ ಬದಿ ಒಂದು ಕಾಂದಾ ಚಾಳ್. ಆ ರಾತ್ರಿ ಹ್ಯಾಂಡ್ಲರ್ ಜೊತೆ ನಾನೂ ಇದ್ದೆ. ಎರಡು ಗಂಟೆಯ ಸುಮಾರಿಗೆ ಬಿದಿರು ತಟ್ಟಿ ಮುರಿದ ಸದ್ದು. ಕೂಗಿ ನಿಲ್ಲು ಎಂದರೂ ನಿಲ್ಲದೆ ಒಬ್ಬ ಹೊಲಕ್ಕೆ ಇಳಿದು ಓಡಿದ. ಕಾಳ್ಯಾ ಹೋಯಿತು. ನಾವು ಟಾರ್ಚು ಹಿಡಿದು ತಲುಪಿದಾಗ ಅವನು ಕೆಳಗೆ ಬಿದ್ದಿದ್ದ. ಕಾಳ್ಯಾ ಅವನ ಮುಂಗೈಯ ನಡುಭಾಗ ಹಿಡಿದು ಸುಮ್ಮನೆ ನಿಂತಿತ್ತು. ಸದ್ದಿಲ್ಲ, ಒದರಾಟವಿಲ್ಲ. ಒಂದೇ ಸಲ “ಛೋಡ್” ಎಂದಾಗ ಬಿಟ್ಟು, ಕಣ್ಣು ಕದಲಿಸದೆ ಕೂತಿತು.

ಹತ್ತೊಂಬತ್ತು-ಇಪ್ಪತ್ತರ ಹುಡುಗ. ಹಗಲು ಅದೇ ಚಾಳ್‌ನಲ್ಲಿ ಈರುಳ್ಳಿ ಹೊತ್ತವನು. ಕೈಯನ್ನು ಸಾಬೂನು ಹಾಕಿ ಕಾಲು ಗಂಟೆ ತೊಳೆಸಿ, ಬೆಳಗಾಗುವ ಮುಂಚೆ ಆಸ್ಪತ್ರೆಗೆ ಸೇರಿಸಿದೆವು. ಕೋರೆಹಲ್ಲಿನ ನಾಲ್ಕು ತೂತು, ಸುತ್ತ ನೀಲಿ ಬಾವು. ಚರ್ಮ ಹರಿದಿರಲಿಲ್ಲ, ನರ ಉಳಿದಿತ್ತು. ಎರಡು ವರ್ಷ ಮುಂಚಿನ ಕಾಳ್ಯಾ ಆಗಿದ್ದರೆ ಆ ಕೈ ಹತ್ತು ಕಡೆ ಸೀಳಿಹೋಗುತ್ತಿತ್ತು. ಉಸ್ತಾದರು ಗಾಯದ ವಿವರ ಕೇಳಿ “ಹರಿದಿಲ್ಲ ತಾನೆ?” ಎಂದು ಎರಡು ಸಲ ಖಚಿತ ಮಾಡಿಕೊಂಡರು. ಗುತ್ತಿಗೆದಾರರು ಕಾಳ್ಯಾನಿಗೆ ಮಟನ್ ತರಿಸಿದರು. ನನಗೆ ಮಾತ್ರ ಆ ಹುಡುಗನ ನರಳಿಕೆ ಕಿವಿಯಿಂದ ಹೋಗಲಿಲ್ಲ. ಐದು ವರ್ಷ ದಿನಾ ಬೆಳಿಗ್ಗೆ ನಾನು ನಟಿಸುತ್ತಿದ್ದ ಸದ್ದು ಅದು. ನನ್ನ ನಟನೆ ಅಷ್ಟು ಹತ್ತಿರದ್ದೆಂದು ನನಗೇ ಗೊತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಕೆಲಸ ಬಿಟ್ಟು, ಪ್ಲಾಟ್‌ಫಾರ್ಮಿನಲ್ಲಿ ಶಿರಡಿಯಿಂದ ಮರಳಿದ್ದ ನಮ್ಮ ಕಡೆಯ ಯಾತ್ರಿಕರ ಕನ್ನಡ ಕೇಳುತ್ತ ಕೂತು, ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ.

ಈಗ ನಾನು ಮನೆನಾಯಿಗಳಿಗೆ ಕೂರುವುದು, ನಿಲ್ಲುವುದು, ಕರೆದರೆ ಬರುವುದು ಇಷ್ಟನ್ನೇ ಕಲಿಸುತ್ತೇನೆ. ಆದರೂ ಬೆಂಗಳೂರು, ಹುಬ್ಬಳ್ಳಿಗಳಿಂದ ಫೋನ್ ಬರುತ್ತದೆ: ಬೆಲ್ಜಿಯನ್ ಮ್ಯಾಲಿನಾಯ್ ತಂದಿದ್ದೇವೆ ಸರ್, ಕಚ್ಚಲು ಕಲಿಸಬೇಕು. ವಿಡಿಯೊ ಕಳಿಸುತ್ತಾರೆ. ನಾಲ್ಕು ತಿಂಗಳ ಮರಿ, ಅಲ್ಲಾಡುವ ಹಾಲುಹಲ್ಲು, ಎದುರಿಗೆ ಕೋಲು ಹಿಡಿದು ಕಿರುಚುವ ಯಾರೋ ಹುಡುಗ. ಹಿನ್ನೆಲೆಯಲ್ಲಿ ಸಿನಿಮಾ ಹಾಡು. ನಾಯಿಯ ವಿಷಯದಲ್ಲಿ ಅಜಾಗರೂಕತೆಯಿಂದ ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆಯಿದೆ ಎಂದು ಹೇಳುತ್ತೇನೆ. ಯಾರೂ ಅದಕ್ಕೆ ಹೆದರುವುದಿಲ್ಲ.

ಹಾಗಾಗಿ ಈಚೆಗೆ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ. ನಾಯಿ ಯಾವ ತಳಿ, ತಂದೆ-ತಾಯಿ ಯಾವುದು, ಎಷ್ಟು ಕೊಟ್ಟಿರಿ ಅದೆಲ್ಲ ಬೇಡ. ನಿಮ್ಮ ಕಳ್ಳ ಯಾರು? ಹೆದರದವನು, ಹೆದರಿಸದವನು, ಸರಿಯಾದ ಅರ್ಧ ಸೆಕೆಂಡಿಗೆ ಸೋಲಲು ಬಲ್ಲವನು ಒಬ್ಬ ಸಿಕ್ಕಿದ್ದರೆ ಮುಂದಿನ ಮಾತಾಡೋಣ. ಸಿಗದಿದ್ದರೆ ನಿಮ್ಮ ನಾಯಿಗೆ ಬೊಗಳುವುದು ಬರುತ್ತದೆ. ಮನೆಯ ಕಾವಲಿಗೆ ಅಷ್ಟು ಸಾಕು.